ಹೇಸರಗತ್ತೆ ಎರವಲು ಕೊಟ್ಟ ಹವಾಲ್ದಾರರು

ಬೇಲಿಯ ಸಂದಿಯಿಂದ ಒಂದು ಬಟ್ಟಲು ಹುಳಿ ನೀಡಿದರೆ ಯಾರಾದರೂ ಏನು ಮಾಡುತ್ತಾರೆ? ಮೂಗಿನ ಹತ್ತಿರ ಹಿಡಿದು ಘಮ ನೋಡುತ್ತಾರೆ. “ಅಯ್ಯೋ, ಇದೆಲ್ಲ ಯಾಕೆ” ಎಂದು ಬಾಯಲ್ಲಿ ಹೇಳಿ ಕೈಯಲ್ಲಿ ಇಸಿದುಕೊಳ್ಳುತ್ತಾರೆ. ಶಿವಪುತ್ರಪ್ಪ ಹವಾಲ್ದಾರರು ಹಾಗಲ್ಲ. ಮೊದಲು ಕಿವಿಯ ಮೇಲಿನ ಪೆನ್ನು ತೆಗೆಯುತ್ತಿದ್ದರು. ಆಮೇಲೆ ಕಂದು ಕಾಗದದ ಹೊದಿಕೆ ಹಾಕಿದ ರಿಜಿಸ್ಟರ್ ಬಿಚ್ಚುತ್ತಿದ್ದರು. ನಾನು ಸುಡುವ ಬಟ್ಟಲನ್ನು ಸೆರಗಿನಲ್ಲಿ ಹಿಡಿದು ನಿಂತೇ ಇರಬೇಕು.

“ಏನ ತಂದೀರಿ ಅಕ್ಕಾರ?”

“ಹುಳಿ.”

“ಯಾತರದು?”

“ಸೀಮೆಬದನೆಕಾಯಿದು ಕಣ್ರೀ. ಕೈ ಸುಡ್ತಿದೆ, ಹಿಡ್ಕೊಳ್ಳಿ.”

“ತಡೀರಿ. ಬಟ್ಟಲಾ ಹೊಳ್ಳಿ ಹೋಗೂದೈತೋ, ಇಲ್ಲೇ ಇರೂದೈತೋ?”

“ನನ್ನ ಮಗಳ ಬಟ್ಟಲು! ತೊಳೆದು ವಾಪಸ್ ಕೊಡಿ.”

“ಹಂಗಾರ ಎರಡು ಸಾಲು ಬೇಕು. ಹುಳಿ ಒಂದು ಸಾಲು, ಬಟ್ಟಲಾ ಒಂದು ಸಾಲು. ಹುಳಿ ಬರೂದಷ್ಟ, ಹೊಳ್ಳಿ ಹೋಗಂಗಿಲ್ಲ. ಬಟ್ಟಲಾ ಬರತದ, ಹೋಗತದ. ಎರಡನೂ ಒಂದರಾಗ ಬರದ್ರ ನಾಳೆ ಘೋಟಾಳಿ ಆಗತದ.”

ಇಷ್ಟು ಬರೆದು, ನನ್ನ ಸಹಿ ಹಾಕಿಸಿಕೊಂಡು, ಅವರು ಬಟ್ಟಲು ಹಿಡಿಯುವಾಗ ಹುಳಿ ಆರಿ ಕೆನೆಗಟ್ಟಿರುತ್ತಿತ್ತು. ಆದರೂ ಒಂದು ದಿನವೂ ಅವರು “ತಣ್ಣಗಾಗಿದೆ” ಅನ್ನಲಿಲ್ಲ. ಮರುದಿನ ಹತ್ತು ಗಂಟೆಗೆ ಸರಿಯಾಗಿ ಬಟ್ಟಲು ಫಳಫಳ ಹೊಳೆಯುತ್ತಾ ಬರುತ್ತಿತ್ತು, ಒಳಗೆ ನಾಲ್ಕು ಕರದಂಟಿನ ತುಂಡು. ಅದಕ್ಕೆ ಮತ್ತೊಂದು ಸಾಲು.

ಇದು ಮೆಲ್ಬರ್ನಿನ ಪಶ್ಚಿಮಕ್ಕಿರುವ ಟ್ರುಗನಿನಾದಲ್ಲಿ. ಒಂದೇ ಅಚ್ಚಿನಲ್ಲಿ ಎರೆದ ಇಡ್ಲಿಯ ಹಾಗೆ ಮನೆಗಳು. ಮನೆಗಳು ಮುಗಿದ ಕಡೆ ದೊಡ್ಡ ದೊಡ್ಡ ಗೋದಾಮುಗಳು. ನನ್ನ ಹಿರಿಯ ಮಗಳ ಮನೆಯ ಹಿತ್ತಿಲಿಗೂ ಹವಾಲ್ದಾರರ ಮಗಳು ಸವಿತಾಳ ಮನೆಯ ಹಿತ್ತಿಲಿಗೂ ನಡುವೆ ಒಂದೇ ಹಲಗೆ ಬೇಲಿ. ಒಂದು ದಿನ ಗಾಳಿ ಬೀಸಿ ಎರಡು ಹಲಗೆ ಬಿದ್ದುಹೋದವು. ನಾವು ‘ಗಾಳಿಗೆ ಬಿತ್ತು’ ಅಂದುಕೊಂಡೆವು. ಹವಾಲ್ದಾರರು ಆ ಸಂದಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತರು. ಹತ್ತರಿಂದ ಹನ್ನೆರಡರವರೆಗೆ ತೆರೆದಿರುತ್ತದೆ, ಭಾನುವಾರ ರಜೆ, ಎಂದು ಒಂದು ರಟ್ಟಿನ ಮೇಲೆ ಬರೆದು ಮೊಳೆ ಹೊಡೆದರು.

ಅವರದು ಧಾರವಾಡದ ಕಡೆಯ ಹಳ್ಳಿ. ಎತ್ತರದ ಆಳು, ಸ್ವಲ್ಪ ಮುಂದಕ್ಕೆ ಬಾಗಿದ ನಡಿಗೆ. ಬೇಸಿಗೆಯಲ್ಲೂ ತಲೆಗೆ ಉಣ್ಣೆಯ ಮಂಕಿ ಕ್ಯಾಪು. ಕಸ್ಟಮ್ಸ್ ಇಲಾಖೆಯಲ್ಲಿ ಹವಾಲ್ದಾರರಾಗಿದ್ದವರು. ಕೊನೆಯ ಹದಿನಾಲ್ಕು ವರ್ಷ ಹಿಮಾಲಯದಲ್ಲಿ, ನಮ್ಮ ದೇಶಕ್ಕೂ ಪಕ್ಕದ ದೇಶಕ್ಕೂ ನಡುವಿನ ಒಂದು ಗೇಟು ಕಾಯುತ್ತಿದ್ದರು. ಒಂದು ಹೊಳೆ, ಹೊಳೆಯ ಮೇಲೊಂದು ಮರದ ಸೇತುವೆ, ಈ ತುದಿಗೆ ಇವರು, ಆ ತುದಿಗೆ ಅವರು. ಕುರಿ ಉಣ್ಣೆ, ಉಪ್ಪು, ಬೆಲ್ಲ, ಪಾತ್ರೆ ಪಡಗ, ಇಷ್ಟೇ ವ್ಯಾಪಾರ. ದಿನಕ್ಕೆ ಹತ್ತು ಜನ ದಾಟಿದರೆ ಅಂದು ಜಾತ್ರೆಯಂತೆ. ಯಾವ ಗೇಟು, ಯಾವ ದೇಶ ಎಂದು ಬರೆಯಬಾರದು ಎಂದು ಅವರೇ ನನಗೆ ಕಟ್ಟಪ್ಪಣೆ ಮಾಡಿದ್ದಾರೆ. “ಸರಕಾರಿ ವಿಷಯ ಅಕ್ಕಾರ. ನೀವು ಹಿಮಾಲಯ ಅಂತ ಬರೀರಿ ಸಾಕು. ಅದೇನು ಸಣ್ಣದೈತೇನು, ಹುಡುಕಿಕೊಳ್ಳಲಿ.”

ನಾನು ತಿಪಟೂರಿನವಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆಮೇಲೆ ಐವತ್ತೈದು ವರ್ಷ ನಾನು ಬರೆದದ್ದು ನನ್ನ ಹೆಸರು ಮಾತ್ರ, ಅದೂ ರೇಷನ್ ಅಂಗಡಿಯಲ್ಲಿ. ಬೇಲಿ ವ್ಯವಹಾರ ಶುರುವಾದ ಎರಡನೇ ವಾರ ಹವಾಲ್ದಾರರು ನನಗೂ ಒಂದು ಪುಸ್ತಕ ತಂದು ಕೊಟ್ಟರು.

“ನನಗ್ಯಾಕ್ರೀ ಇದು? ನೀವು ಬರ್ಕೋತಿದೀರಲ್ಲ, ಸಾಕು.”

“ಸಾಕಾಗಂಗಿಲ್ರಿ. ಎರಡೂ ಕಡೆ ಬರದ್ರ ಅದು ಗಡಿ. ಒಂದ ಕಡೆ ಬರದ್ರ ಅದು ಬರೇ ಚಾಡಿ.”

“ನನಗೆ ಒತ್ತಕ್ಷರ ಬರಲ್ಲ.”

“ಒತ್ತಕ್ಷರ ಇಲ್ಲದ ಪದಾರ್ಥ ಮಾಡ್ರಿ ಮೊದಲು. ಹುಳಿ ಬರೀರಿ. ಸಾರು ಬರೀರಿ. ತಿಂಗಳಾದ ಮ್ಯಾಲ ಚಟ್ನಿಗೆ ಹೋಗೂಣು.”

ಹಾಗೆ ನಾನು ಹುಳಿ, ಸಾರು, ಪಾಯಸ ಎಂದು ಬರೆಯುತ್ತಾ ಬರೆಯುತ್ತಾ ಚಟ್ನಿಗೆ ಬಂದೆ, ಉಪ್ಪಿಟ್ಟು ದಾಟಿದೆ, ಚಿತ್ರಾನ್ನ ಮುಗಿಸಿದೆ. ಈ ವಯಸ್ಸಿಗೆ ನನ್ನ ಕೈಯಲ್ಲಿ ಇಷ್ಟು ಪುಟ ಬರೆಸಿದ ಪುಣ್ಯಾತ್ಮ ಅವರೇ.

ಅವರ ಇನ್ನೊಂದು ಅಭ್ಯಾಸ ಹೇಳದೆ ಇರಲಾರೆ. ಬೆಳಿಗ್ಗೆ ಏಳು ಗಂಟೆಗೆ ಹಲ್ಲುಜ್ಜಿ, ಮುಖ ತೊಳೆದು, ಹಿತ್ತಿಲಿಗೆ ಬಂದು ವಾಯವ್ಯಕ್ಕೆ ತಿರುಗಿ ನಿಲ್ಲುತ್ತಿದ್ದರು. ಸಂಧ್ಯಾವಂದನೆ ಇರಬೇಕು ಎಂದುಕೊಂಡೆ. ಒಂದು ದಿನ ಕಿವಿಗೊಟ್ಟು ಕೇಳಿದರೆ ಬೈಗುಳ!

“ಏ ಕಳ್ಳ ನನ್ನ ಮಗನ! ನಿನ್ನ ಬಾಯಾಗ ಮಣ್ಣ ಬೀಳ್ಲಿ! ನಂಬಿ ಕೊಟ್ಟರ ನುಂಗಿ ಕುಂತಿ ಏನಲೇ!”

ಮೊಮ್ಮಗನ ಫೋನಿನಲ್ಲಿ ದಿಕ್ಸೂಚಿ ನೋಡಿ, ಹಿಮಾಲಯ ಯಾವ ಕಡೆ ಎಂದು ಗುರುತು ಮಾಡಿಕೊಂಡು ಆ ದಿಕ್ಕಿಗೆ ಬೈಯುತ್ತಿದ್ದರು. ಆ ದಿಕ್ಕಿನಲ್ಲಿ ಕಾಣುತ್ತಿದ್ದದ್ದು ಗೋದಾಮಿನ ಬಾಗಿಲು. ಅಲ್ಲಿ ಬೆಳಗಿನ ಪಾಳಿಯವರು ಇಬ್ಬರು ಚಹಾ ಕುಡಿಯುತ್ತಾ ನಿಂತಿರುತ್ತಿದ್ದರು. ದಿನಾ ತಮ್ಮ ಕಡೆ ಕೈಯೆತ್ತಿ ಏನೋ ಹೇಳುವ ಹಿರಿಯರು ಎಂದು ಅವರೂ ನಗುತ್ತಾ ಕೈ ಬೀಸುತ್ತಿದ್ದರು. ಹವಾಲ್ದಾರರು ಬೈಗುಳ ಮುಗಿಸಿ ಅವರಿಗೆ ತಿರುಗಿ ಕೈ ಬೀಸಿ ಒಳಗೆ ಹೋಗುತ್ತಿದ್ದರು.

“ಯಾರನ್ನ ಬೈಯೋದು ಹವಾಲ್ದಾರ್ರೇ?” ಎಂದು ಕೇಳಿಯೇ ಬಿಟ್ಟೆ.

ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಆಮೇಲೆ ಹೇಳಿದರು. ಅವರ ಮಗಳಿಗೂ ಗೊತ್ತಿರಲಿಲ್ಲವಂತೆ, ಇಲಾಖೆಗೂ ಗೊತ್ತಿರಲಿಲ್ಲವಂತೆ.

ಆ ಗೇಟಿನ ಕಚೇರಿಗೆ ಸಾಮಾನು ಹೊರಲು ಸರ್ಕಾರ ಒಂದು ಹೇಸರಗತ್ತೆ ಕೊಟ್ಟಿತ್ತು. “ಅಪ್ಪ ಕತ್ತೆ, ಅವ್ವ ಕುದುರಿ, ಹಟ ಮಾತ್ರ ಎರಡೂ ಕಡೆಯಿಂದ ಬಂದದ” ಎಂದು ವಿವರಿಸಿದರು. ಕಡತದಲ್ಲಿ ಅದರ ಹೆಸರು ‘ಪ್ರಾಣಿ ನಂಬರ್ ಎರಡು’. ಹವಾಲ್ದಾರರು ಚನ್ನವ್ವ ಎಂದು ಕರೆದರು. ಬೆಟ್ಟದ ಮೇಲೆ ಕನ್ನಡ ಮಾತಾಡಲು ಬೇರೆ ಯಾರೂ ಇರಲಿಲ್ಲ. ಆದ್ದರಿಂದ ಎಲ್ಲ ಮಾತೂ ಅದರ ಜೊತೆಗೇ.

ಸೇತುವೆಯ ಆ ತುದಿಯ ಗೇಟಿನವನು ಇವರ ವಯಸ್ಸಿನವನೇ. ಒಂದು ದಿನ ಇವರ ಫ್ಲಾಸ್ಕಿನ ಚಹಾ, ಒಂದು ದಿನ ಅವನ ಕೆಟಲಿನ ಬೆಣ್ಣೆ ಹಾಕಿದ ಉಪ್ಪು ಚಹಾ. ಸೇತುವೆಯ ನಡುವೆ ಒಂದು ಬಿಳಿ ಗೆರೆ. ಗೆರೆಯ ಆಚೆ ಈಚೆ ಕುರ್ಚಿ ಹಾಕಿ ಹದಿನಾಲ್ಕು ವರ್ಷ ಚಹಾ ಕುಡಿದರು. ಅವನಿಗೆ ಇವರ ಭಾಷೆ ಬಾರದು, ಇವರಿಗೆ ಅವನದು ಬಾರದು.

“ಅವರ ಹೆಸರೇನು?” ಎಂದೆ.

“ಹೆಸರ ಕೇಳಬೇಕಂದ್ರೂ ಭಾಷಾ ಬೇಕಲ್ರಿ ಅಕ್ಕಾರ.”

ಕೊರೊನಾ ಬಂದ ವರ್ಷ, ಶಿವರಾತ್ರಿ ಕಳೆದ ಮೇಲೆ, ಹಿಮ ಇನ್ನೂ ಕರಗದ ಒಂದು ಮಧ್ಯಾಹ್ನ ಆ ಮನುಷ್ಯ ಮಂಜುಗಡ್ಡೆಯ ಮೇಲೆ ಜಾರಿ ಕಾಲು ಉಳುಕಿಸಿಕೊಂಡ. ಅವನ ಊರು ಎರಡು ಗುಡ್ಡದ ಕೆಳಗೆ. ನಡೆಯಲು ಆಗದು. ನಮ್ಮ ಹವಾಲ್ದಾರರು ಏನು ಮಾಡಿದರು? ಹಳ್ಳಿಯಲ್ಲಿ ಪಕ್ಕದ ಮನೆಗೆ ಎತ್ತು ಕೊಡುವ ಹಾಗೆ, ಚನ್ನವ್ವನನ್ನು ಎರವಲು ಕೊಟ್ಟರು! ಸರ್ಕಾರದ ಪ್ರಾಣಿ, ಬೇರೆ ದೇಶಕ್ಕೆ, ಒಂದು ಚೀಟಿಯೂ ಇಲ್ಲದೆ!

“ಒಂದು ಬಟ್ಟ ತೋರಿಸಿದ್ನಿ. ಒಂದು ದಿವಸ, ನಾಳೆ ಹೊಳ್ಳಿ ಕೊಡು ಅಂತ. ಅವನೂ ಒಂದು ಬಟ್ಟ ತೋರಿಸಿದ. ಮಾತು ಆದಂಗ ಆತಲ್ರಿ?” ಎಂದು ನನ್ನ ಮುಂದೆಯೂ ಒಂದು ಬೆರಳೆತ್ತಿದರು.

ಅಂದು ಸಂಜೆ ಆರ್ಡರ್ ಬಂತು. ರೋಗ ಹರಡುತ್ತಿದೆ, ಗೇಟು ಮುಚ್ಚಿ. ಮುಚ್ಚಿದರು. ಎರಡು ತಿಂಗಳಿಗೆ ಇವರಿಗೆ ನಿವೃತ್ತಿಯಾಯಿತು. ಬೆಟ್ಟ ಇಳಿದು ಬಂದರು, ಚನ್ನವ್ವ ಆಚೆಗೇ ಉಳಿದಳು. ಇಲಾಖೆಗೆ ‘ಮೇಯಲು ಬಿಟ್ಟಾಗ ಗಡಿ ದಾಟಿ ಹೋಗಿದೆ’ ಎಂದು ಬರೆದು ಕೊಟ್ಟರು. ವರ್ಷಕ್ಕೊಂದು ಪತ್ರ ಧಾರವಾಡದ ಮೇಲೆ ಹಾದು ಟ್ರುಗನಿನಾಕ್ಕೆ ಬರುತ್ತಿತ್ತು: ಪ್ರಾಣಿ ನಂಬರ್ ಎರಡು ಎಲ್ಲಿದೆ? ಇವರು ಉತ್ತರ ಹಾಕುತ್ತಿದ್ದರು: ಗಡಿ ತೆರೆದ ಕೂಡಲೇ ತಿಳಿಸಲಾಗುವುದು.

“ಹೋಗಲಿ ಬಿಡಿ ಹವಾಲ್ದಾರ್ರೇ, ಒಂದು ಕತ್ತೆ ತಾನೆ. ಸರ್ಕಾರಕ್ಕೆ ಬೇಕಾದಷ್ಟಿವೆ.”

“ಸರಕಾರದ ಪ್ರಾಣಿ ಹೋದ್ರ ಹೋಗ್ಲಿರಿ. ಅದು ಹೊಳ್ಳಿ ಬರಲಿಲ್ಲಂದ್ರ, ಹದಿನಾಕು ವರ್ಷ ನಾ ಯಾರ ಜೋಡಿ ಚಾ ಕುಡದ್ನಿ ಅನ್ನೂದ ನನಗ ಗೊತ್ತಿಲ್ಲದಂಗ ಆತಲ್ಲ! ಕಳ್ಳನ ಜೋಡಿ ಕುಡದ್ನೋ, ಮನಶ್ಯಾನ ಜೋಡಿ ಕುಡದ್ನೋ?”

ಅಂದಿನಿಂದ ನಾನು ಅವರ ರಿಜಿಸ್ಟರಿಗೆ ಸಹಿ ಹಾಕುವಾಗ ಒಂದು ದಿನವೂ ಗೊಣಗಲಿಲ್ಲ.

ಅದೇ ದಿನಗಳಲ್ಲಿ ಸವಿತಾಳ ಮನೆಯ ಮಾಲೀಕರು ಬೇಲಿ ರಿಪೇರಿಗೆ ಒಬ್ಬನನ್ನು ಕಳಿಸಿದರು. ತೋಳಿನ ತುಂಬ ಹಚ್ಚೆ, ಚಡ್ಡಿ, ದೊಡ್ಡ ಬೂಟು, ಹೆಗಲ ಮೇಲೆ ಎರಡು ಹಲಗೆ. ಹವಾಲ್ದಾರರು ಸಂದಿಯಲ್ಲಿ ಅಡ್ಡ ನಿಂತರು.

“ಕೈಂಡ್ಲಿ ಪ್ರೊಡ್ಯೂಸ್ ದಿ ಆರ್ಡರ್” ಎಂದರು.

ಅವನು ಫೋನು ತೋರಿಸಿದ. ಇವರು ಕನ್ನಡಕ ಹಾಕಿ ಓದಿ, ಇದರಲ್ಲಿ ‘ಫೆನ್ಸ್’ ಎಂದಿದೆ, ಇದು ಫೆನ್ಸ್ ಅಲ್ಲ, ಇಂಟರ್‌ನ್ಯಾಷನಲ್ ಬಾರ್ಡರ್ ಎಂದರು. ಅವನು ಸಂದಿಯಿಂದ ಇಣುಕಿದ. ಈ ಕಡೆ ನಾನು ಇಡ್ಲಿ ತಟ್ಟೆ ಹಿಡಿದು ನಿಂತಿದ್ದೆ. ಅವನೇನೋ ಕೇಳಿದ.

“ಅಕ್ಕಾರ, ನಿಮ್ಮದು ಯಾವ ದೇಶ ಅಂತ ಕೇಳಾಕತ್ತಾನ.”

“ತಿಪಟೂರು ಅಂತ ಹೇಳಿ.”

ಹೇಳಿದರು. ಅವನು ಗಂಭೀರವಾಗಿ ತಲೆಯಾಡಿಸಿದ. ಅಂಥ ದೇಶ ಇರಬಹುದು ಎನಿಸಿರಬೇಕು. ಹಲಗೆ ಕೆಳಗಿಟ್ಟು ಎರಡು ಇಡ್ಲಿ ತಿಂದ (ಅದನ್ನೂ ಬರೆದುಕೊಂಡರು, ‘ಮೂರನೇ ದೇಶ, ಇಡ್ಲಿ ಎರಡು’ ಎಂದು), ಆಮೇಲೆ ತನ್ನ ಗಾಡಿಯಿಂದ ತಿರುಗಣಿ, ಚಿಲಕ ತಂದು ಆ ಎರಡು ಹಲಗೆಯನ್ನು ಬಾಗಿಲು ಮಾಡಿ ಕೂರಿಸಿ ಹೋದ. ಬಿದ್ದ ಬೇಲಿ ಮುಚ್ಚಲು ಬಂದವನಿಂದ ಹವಾಲ್ದಾರರು ಗೇಟನ್ನೇ ಮಾಡಿಸಿಕೊಂಡರು! ನನ್ನ ಕೈಯಿಂದ ದಾರ ಕತ್ತರಿಸಿಸಿ ಉದ್ಘಾಟನೆಯನ್ನೂ ಮಾಡಿಸಿದರು. ಚಪ್ಪಾಳೆ ತಟ್ಟಲು ಅವರೊಬ್ಬರೇ.

ಈಗ ಸಿಡ್ನಿಗೆ ಬರುತ್ತೇನೆ. ಬರೆಯಲು ಕೂತಾಗಿನಿಂದ ಅಲ್ಲಿಗೆ ಓಡಬೇಕೆಂದು ಕೈ ತುಡಿಯುತ್ತಿದೆ, ತಡೆದುಕೊಂಡು ಬಂದಿದ್ದೇನೆ.

ನನ್ನ ಕಿರಿಯ ಮಗಳು ಶ್ರುತಿ ಇರುವುದು ಸಿಡ್ನಿಯ ಎಪ್ಪಿಂಗಿನಲ್ಲಿ. ಅಳಿಯನಿಗೆ ಅಲ್ಲೇ ಹತ್ತಿರದ ನಾರ್ವೆಸ್ಟಿನಲ್ಲಿ ಕೆಲಸ. ಅವಳಿಗೆ ದಿನ ತುಂಬಿತ್ತು. ಬಾಣಂತನಕ್ಕೆಂದು ನಾನು ಮೆಲ್ಬರ್ನಿನಿಂದ ಬಂದೆ. ಹವಾಲ್ದಾರರ ಮಗನ ಮನೆಯೂ ಎಪ್ಪಿಂಗಿನಲ್ಲೇ. ಚಳಿಗಾಲದ ಎರಡು ತಿಂಗಳು ಅವರು ಅಲ್ಲಿರುತ್ತಿದ್ದರು. ಒಂದು ಸಂಜೆ ಸ್ಟೇಷನ್ನಿನ ಹತ್ತಿರ ಸೊಪ್ಪು ಕೊಳ್ಳುತ್ತಿದ್ದೆ. ಮಂಕಿ ಕ್ಯಾಪು ಓಡಿಬಂತು.

“ಅಕ್ಕಾರ, ತೆರೀತಾರಂತ್ರಿ!”

“ಏನು?”

“ಗೇಟು! ಬರೂ ಗುರುವಾರ! ಈಗಿನ ಇನ್‌ಸ್ಪೆಕ್ಟರ್ ಫೋನ್ ಮಾಡಿದ್ದ. ಆ ಕಡೆಯಿಂದ ಮೊದಲ ದಿನ ಬರೂ ಸಾಮಾನಿನ ಯಾದಿ ಕಳಿಸ್ಯಾರಂತ. ಉಣ್ಣಿ, ಉಪ್ಪು, ಕುರಿ. ಕಟ್ಟಕಡೀಕ ‘ಒಂದು ಪ್ರಾಣಿ, ನಿಮ್ಮದು’ ಅಂತ ಬರದಾರಂತ!”

ನನ್ನ ಕೈಯಲ್ಲಿದ್ದ ಮೆಂತ್ಯದ ಕಟ್ಟು ಬಿದ್ದುಹೋಯಿತು. “ಮತ್ತೆ ಯಾಕೆ ಹೀಗೆ ಮುಖ ಮಾಡಿದೀರಿ? ಸಂತೋಷ ಪಡಿ!”

“ಯಾವ ಪ್ರಾಣೀನೋ ಏನೋ. ಕುರಿ ಕೊಟ್ಟು ಕೈ ತೊಳಕೊಂಡ್ರ? ಆರು ವರ್ಷ ಆತು. ಚನ್ನವ್ವ ಇದ್ದಾಳೋ ಇಲ್ಲೋ.” ಗುರುತು ಹಿಡಿಯಲು ಆ ದಿನ ವಿಡಿಯೋ ಕರೆ ಮಾಡುತ್ತೇನೆಂದು ಇನ್‌ಸ್ಪೆಕ್ಟರ್ ಹೇಳಿದ್ದರಂತೆ. ಎಡಗಿವಿಯ ತುದಿ ಬಿಳಿ ಎಂದು ನನಗೆ ಮೂರು ಸಲ ಹೇಳಿದರು, ಮರೆತರೆ ನಾನು ನೆನಪಿಸಲಿ ಎಂದು.

ಆ ಗುರುವಾರವೇ ಶ್ರುತಿಗೆ ನೋವು ಶುರುವಾಯಿತು. ಅಳಿಯ ಹೆರಿಗೆ ಕೋಣೆಯೊಳಗೆ ಅವಳ ಕೈ ಹಿಡಿದು ನಿಂತ. ನಾನು ಹೊರಗೆ. ನನಗೆ ಇಂಗ್ಲಿಷು ಬಾರದು. ಯಾರಾದರೂ ಏನಾದರೂ ಕೇಳಿದರೆ? ಹವಾಲ್ದಾರರೇ ಬಂದು ನನ್ನ ಪಕ್ಕ ಕೂತರು. “ಫೋನು ಎಲ್ಲಿ ಬಂದ್ರೂ ಒಂದೇ ಅಕ್ಕಾರ. ನೀವು ಒಬ್ಬರ ಯಾಕ ಕುಂದರ್ತೀರಿ” ಎಂದರು.

ಮಧ್ಯಾಹ್ನ ಮೂರು ಗಂಟೆಗೆ ಫೋನು ಬಂತು. ನಾನೂ ತಲೆ ತೂರಿಸಿ ನೋಡಿದೆ. ಅಬ್ಬಾ, ಏನು ಬಿಸಿಲು, ಏನು ಬೆಟ್ಟ! ಸೇತುವೆಗೆ ಬಣ್ಣದ ಬಾವುಟ, ಬ್ಯಾಂಡಿನವರು, ಕತ್ತರಿ ಹಿಡಿದ ದೊಡ್ಡ ಸಾಹೇಬರು. ಸೇತುವೆಯ ನಟ್ಟನಡುವೆ ಒಂದು ಹೇಸರಗತ್ತೆ. ಅದರ ಹಿಂದೆ ಇನ್ನೂರು ಕುರಿ, ಉಣ್ಣೆ ಮೂಟೆ ಹೊತ್ತ ಜನ. ಯಾರೂ ಮುಂದೆ ಬರುವಂತಿಲ್ಲ. ಏಕೆಂದರೆ ಅದು ಬಿಳಿ ಗೆರೆಯ ಮೇಲೆ ನಿಂತುಬಿಟ್ಟಿತ್ತು.

ಇನ್‌ಸ್ಪೆಕ್ಟರ್ ಹಿಂದಿಯಲ್ಲಿ ಗೋಳಾಡಿದರು. ಹವಾಲ್ದಾರರು ನನಗೆ ಕನ್ನಡದಲ್ಲಿ ಹೇಳಿದರು: “ಮುಂದಿನ ಕಾಲು ನಮ್ಮ ದೇಶದಾಗ, ಹಿಂದಿನ ಕಾಲು ಅವರ ದೇಶದಾಗ ಅದಾವಂತ. ನಮ್ಮವರು ಜಗ್ಗಿದ್ರ ಅವರ ದೇಶದ ಪ್ರಾಣಿ ಜಗ್ಗಿದಂಗ. ಅವರು ನೂಕಿದ್ರ ನಮ್ಮ ದೇಶದೊಳಗ ಕೈ ಹಾಕಿದಂಗ. ಮುಕ್ಕಾಲು ತಾಸಿನಿಂದ ಎರಡೂ ಸರಕಾರ ಸುಮ್ಮನ ನಿಂತಾವ.”

“ಎಡಗಿವಿ ನೋಡಿ, ಎಡಗಿವಿ!” ಎಂದೆ.

ತುದಿ ಬಿಳಿ! ಹವಾಲ್ದಾರರು ಎದ್ದು ನಿಂತೇಬಿಟ್ಟರು.

“ಏ ಚನ್ನವ್ವಾ!”

ಆಸ್ಪತ್ರೆಯ ಆ ಹಜಾರದಲ್ಲಿ ಕೂತಿದ್ದವರೆಲ್ಲ ತಿರುಗಿದರು. ಅಲ್ಲಿ, ಅಷ್ಟು ದೂರದ ಬೆಟ್ಟದಲ್ಲಿ, ಇನ್‌ಸ್ಪೆಕ್ಟರ್ ಹಿಡಿದ ಫೋನಿನ ಕಡೆ ಒಂದು ಕಿವಿ ನಿಮಿರಿತು. ಆದರೆ ಕಾಲು ಕೀಳಲಿಲ್ಲ.

ಒಬ್ಬಳು ನರ್ಸ್ ಓಡಿಬಂದಳು. ಗಾಬರಿಯಿಂದ ಏನೋ ಕೇಳಿದಳು. ಹವಾಲ್ದಾರರು ಫೋನು ಇಳಿಸದೆಯೇ ಕಚೇರಿ ಇಂಗ್ಲಿಷಿನಲ್ಲಿ ವರದಿ ಒಪ್ಪಿಸಿದರು: “ಡೋಂಟ್ ವರಿ ಮೇಡಂ. ಫ್ರಂಟ್ ಪೋರ್ಶನ್ ಹ್ಯಾಸ್ ಕಮ್. ಓನ್ಲಿ ಬ್ಯಾಕ್ ಪೋರ್ಶನ್ ಈಸ್ ಪೆಂಡಿಂಗ್.”

ಆ ಹುಡುಗಿ ಕೈಯಲ್ಲಿದ್ದದ್ದನ್ನು ಅಲ್ಲೇ ಇಟ್ಟು ಹೆರಿಗೆ ಕೋಣೆಗೆ ಓಡಿದಳು. ಒಳಗೆ ಎಲ್ಲವೂ ಅದರ ಪಾಡಿಗೆ ಸರಿಯಾಗಿಯೇ ನಡೆಯುತ್ತಿತ್ತಂತೆ. ಅಳಿಯನೊಬ್ಬನೇ ಅವಳು ನುಗ್ಗಿದ ರಭಸಕ್ಕೆ ಕುರ್ಚಿಯ ಮೇಲೆ ಕುಸಿದನಂತೆ.

ನಾನು ಫೋನು ಕಿತ್ತುಕೊಂಡೆ. “ಬಾಮ್ಮ ಕಂದ, ಬಾ ಬಂಗಾರಿ, ಒಂದು ಹೆಜ್ಜೆ ಇಡು ತಾಯಿ” ಎಂದೆ. ಆ ಪ್ರಾಣಿ ಮುಖ ಆ ಕಡೆ ತಿರುಗಿಸಿತು!

“ನಿಮ್ಮ ಕಡೆ ಮಾತು ಅದಕ್ಕ ಸೇರಂಗಿಲ್ರಿ ಅಕ್ಕಾರ. ರಮಿಸಿದ್ರ ನಿಂದರತದ. ಬೈದ್ರ ಬರತದ. ಕೊಡ್ರಿಲ್ಲೆ.” ಅವರು ಉಸಿರು ಎಳೆದುಕೊಂಡರು. “ಏನಲೇ ಹಾದ್ಯಾಗ ನಿಂತಿ, ನಿಮ್ಮ ಮಾವನ ಮನಿ ಆತೇನು ಇದು? ಊರ ಮಂದೀನ ಬಿಸಲಾಗ ನಿಂದರಿಸಿ ಮೆರೀತಿ! ಕಾಲು ಬಿದ್ದು ಹೋಗ್ಯಾವೇನು? ಬಾ ಅಂದ್ರ ಬರಬೇಕು! ನಡೀ! ನಡೀಯಲೇ ಮೂಳಾ!”

ಚನ್ನವ್ವನ ಎರಡೂ ಕಿವಿ ನೆಟ್ಟಗಾದವು. ತಲೆ ಕೊಡವಿದಳು. ಮುಂಗಾಲು ಎತ್ತಿದಳು, ಹಿಂಗಾಲು ಎತ್ತಿದಳು, ಇನ್‌ಸ್ಪೆಕ್ಟರನ್ನು ತಳ್ಳಿಕೊಂಡು ಟಕಟಕ ಬಂದೇ ಬಂದಳು. ದೊಡ್ಡ ಸಾಹೇಬರ ರಿಬ್ಬನ್ನು ಅವಳ ಎದೆಗೆ ತಾಗಿ ತಾನಾಗಿ ಹರಿಯಿತು. ಅವರ ಕೈಯಲ್ಲಿ ಕತ್ತರಿ ಹಾಗೇ ಇತ್ತು. ಬ್ಯಾಂಡಿನವರು ಬಾರಿಸಿದರು. ಇನ್ನೂರು ಕುರಿ ಹಿಂದಿನಿಂದ ಹರಿದು ಬಂದವು. ಗಡಿ ತೆರೆಯಿತು!

ನಾನು ಕುಣಿಯುವುದೊಂದು ಬಾಕಿ. ಆದರೆ ಹವಾಲ್ದಾರರು ಮತ್ತೆ ಕೂತು ಫೋನನ್ನು ಕಣ್ಣಿನ ಹತ್ತಿರ ಹಿಡಿದಿದ್ದರು. ಇನ್‌ಸ್ಪೆಕ್ಟರ್ ಫೋನನ್ನು ಚನ್ನವ್ವನ ಸುತ್ತ ಹಿಡಿದು ತೋರಿಸುತ್ತಿದ್ದರು. ಮೈ ಮಿರಮಿರ ಮಿಂಚುತ್ತಿತ್ತು. ಗೊರಸು ಅಚ್ಚುಕಟ್ಟಾಗಿ ಕತ್ತರಿಸಿದ್ದರು. ಕುತ್ತಿಗೆಯ ಕೂದಲಿಗೆ ಕೆಂಪು ಉಣ್ಣೆ ಸೇರಿಸಿ, ಮದುವೆ ಹೆಣ್ಣಿಗೆ ಹೆಣೆಯುವ ಹಾಗೆ, ಸಣ್ಣ ಸಣ್ಣ ಜಡೆ ಹೆಣೆದಿದ್ದರು.

“ಅವ ಸಾಕ್ಯಾನ್ರೀ ಅಕ್ಕಾರ” ಎಂದರು ಹವಾಲ್ದಾರರು. ಮತ್ತೆ “ಚಲೋ ಸಾಕ್ಯಾನ” ಎಂದರು. ಮಂಕಿ ಕ್ಯಾಪು ತೆಗೆದು ಅದರಿಂದಲೇ ಕಣ್ಣು ಒರೆಸಿಕೊಂಡರು.

ಅಷ್ಟರಲ್ಲಿ ಅಳಿಯ ಬಾಗಿಲಲ್ಲಿ ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು, ಬಾಯಿ ಮಾತ್ರ ಕಿವಿಯವರೆಗೆ ಹಿಗ್ಗಿತ್ತು. “ಅತ್ತೆ, ಹೆಣ್ಣು!” ಹಿರಿಯವಳಿಗೆ ಎರಡೂ ಗಂಡಾದ ಮೇಲೆ ನಮ್ಮ ಮನೆಗೆ ಮೊದಲ ಹೆಣ್ಣು ಮೊಮ್ಮಗು! ನಾನು ಅತ್ತೆನೋ ನಕ್ಕೆನೋ ಗೊತ್ತಿಲ್ಲ. ಯಾರಿಗಾಗಿ ಅತ್ತೆ ಎಂದೂ ಗೊತ್ತಿಲ್ಲ. ಹಾಲು ಉಕ್ಕುವಾಗ ಯಾವ ಕಡೆಯಿಂದ ಉಕ್ಕಿತು ಎಂದು ಯಾರು ನೋಡುತ್ತಾರೆ?

ಐದನೇ ದಿನ ಹವಾಲ್ದಾರರು ಮಗು ನೋಡಲು ಮನೆಗೆ ಬಂದರು. ತೊಟ್ಟಿಲ ಹತ್ತಿರ ಬಗ್ಗಿ, ಕೈ ಹಿಂದೆ ಕಟ್ಟಿಕೊಂಡು, ಮೇಲಿಂದ ಕೆಳಗಿನವರೆಗೆ ನೋಡಿದರು.

“ಕಿವಿ ಚಲೋ ಅದಾವ” ಎಂದರು.

ಬೇರೆ ಯಾರಾದರೂ ಅಂದಿದ್ದರೆ ಜಗಳ ಮಾಡುತ್ತಿದ್ದೆ. ಶ್ರುತಿ ಹೊಟ್ಟೆ ಹಿಡಿದುಕೊಂಡು “ಅಂಕಲ್, ನಗಿಸಬೇಡಿ, ನೋಯತ್ತೆ” ಎಂದಳು.

ಅವರು ಊರಿಗೆ ಟಿಕೆಟು ಮಾಡಿಸಿದ್ದರು. ಊರಿಗೆ ಎಂದರೆ ಧಾರವಾಡಕ್ಕಲ್ಲ, ಬೆಟ್ಟಕ್ಕೆ. ಮಗಳು ಬೇಡವೆಂದಳು, ಮಗ ಬೇಡವೆಂದ, ಡಾಕ್ಟರು ಅಷ್ಟು ಎತ್ತರಕ್ಕೆ ಬೇಡವೆಂದರು. “ಹದಿನಾಕು ವರ್ಷ ಇದ್ದ ಎದೀನ ಅದು, ಹಾದಿ ಗೊತ್ತದ ಅದಕ್ಕ” ಎಂದು ಮುಗಿಸಿದರು. ಆ ಮನುಷ್ಯನೂ ನಿವೃತ್ತನಾಗಿದ್ದಾನೆ, ಈಗ ವ್ಯಾಪಾರಿಗಳ ಕುರಿ ಹೊಡೆದುಕೊಂಡು ದಿನಾ ಸೇತುವೆ ದಾಟಿ ಈಚೆಯ ಸಂತೆಗೆ ಬರುತ್ತಾನೆ ಎಂದು ಇನ್‌ಸ್ಪೆಕ್ಟರ್ ತಿಳಿಸಿದ್ದರಂತೆ.

“ಹೋಗಿ ಏನು ಮಾಡ್ತೀರಿ?” ಎಂದೆ. “ಕ್ಷಮೆ ಕೇಳ್ತೀರಾ? ಆರು ವರ್ಷ ಆ ಪುಣ್ಯಾತ್ಮನಿಗೆ ದಿನಾ ಬೆಳಿಗ್ಗೆ ಮಂತ್ರಪುಷ್ಪ ಹಾಕಿದೀರಲ್ಲ.”

ಅವರು ಅದನ್ನು ಯೋಚಿಸಿಯೇ ಬಂದಿದ್ದರು. “ಅದ ದೊಡ್ಡ ಪ್ರಶ್ನೆ ಅಕ್ಕಾರ. ನಾ ಬೈದದ್ದು ಅವಂಗ ಗೊತ್ತಿಲ್ಲ. ಮಾಫಿ ಕೇಳಬೇಕಂದ್ರ ಮೊದಲು ಬೈಗಳಾ ತಿಳಿಸಿ ಹೇಳಬೇಕು. ‘ಬಾಯಾಗ ಮಣ್ಣ ಬೀಳ್ಲಿ’ ಅಂತ ಕೈಸನ್ನಿ ಮಾಡಿದ್ರ ಇನ್ನೊಂದು ಸಲ ಗಡಿ ಮುಚ್ಚತದ.”

“ಮತ್ತೆ?”

“ನೋಡೂಣು. ಚಾ ಕುಡೀತೀನಿ ಮೊದಲು.”

ಬಾಣಂತಿಗೆಂದು ಕಟ್ಟಿದ್ದ ಅಂಟಿನ ಉಂಡೆಯಲ್ಲಿ ನಾಲ್ಕು ಕಟ್ಟಿಕೊಟ್ಟೆ. ಮಗುವಿನ ಪಾದವನ್ನು ಒಂದೇ ಒಂದು ಬೆರಳಿನಿಂದ ಮುಟ್ಟಿ, “ಬರ್ತೀನವ್ವಾ” ಎಂದು ಅದಕ್ಕೆ ಹೇಳಿ, ಹೋದರು. ಅದೇ ನಾನು ಅವರನ್ನು ಕಂಡ ಕೊನೆ.

ಹೋದವರು ತಿಂಗಳಿಗೆ ಬರಬೇಕಿತ್ತು. ಬರಲಿಲ್ಲ. ನಾಲ್ಕು ತಿಂಗಳಾಯಿತು. ಸವಿತಾ ಫೋನಿನಲ್ಲಿ ಒಂದು ದಿನ ಅಳುತ್ತಾಳೆ, ಒಂದು ದಿನ ರೇಗುತ್ತಾಳೆ. ಬೆಟ್ಟದ ಕೆಳಗಿನ ಹಳ್ಳಿಯಲ್ಲಿ ಒಂದು ಕೋಣೆ ಹಿಡಿದಿದ್ದಾರಂತೆ. ಟ್ರುಗನಿನಾದಲ್ಲಿ ಬೆಳಿಗ್ಗೆ ಗೋದಾಮಿನವರು ಚಹಾ ಹಿಡಿದು ಈ ಕಡೆ ನೋಡಿ ನೋಡಿ ಒಳಗೆ ಹೋಗುತ್ತಾರೆಂದು ನನ್ನ ಹಿರಿಯ ಮಗಳು ಹೇಳುತ್ತಾಳೆ.

ಮೊನ್ನೆ ನನಗೇ ಫೋನು ಮಾಡಿದರು. ಮಡಿಲಲ್ಲಿ ಮೊಮ್ಮಗಳು ಮಲಗಿದ್ದಳು, ಪಿಸುದನಿಯಲ್ಲೇ ಕೇಳಿದೆ. “ಹೇಗಿದೀರಿ ಹವಾಲ್ದಾರ್ರೇ? ಚನ್ನವ್ವ?”

“ಅದಕ್ಕೂ ರಿಟೈರ್‌ಮೆಂಟ್ ಕೊಟ್ರು. ಅವನೂ ರಿಟೈರ್ಡ್, ನಾನೂ ರಿಟೈರ್ಡ್, ಅದೂ ರಿಟೈರ್ಡ್. ಮೂರೂ ಮಂದಿ ಹೊಳಿದಂಡ್ಯಾಗ ಕುಂದರ್ತೀವಿ.”

“ಆ ವಿಷಯ? ಕೇಳಿದ್ರಾ?”

ಫೋನಿನ ಆಚೆ ಅವರು ನಗುತ್ತಿರುವುದು ಕೇಳಿಸಿತು.

“ಎರಡೂ ಭಾಷಾ ಬಲ್ಲ ವ್ಯಾಪಾರಿ ಒಬ್ಬನ್ನ ಹಿಡಕೊಂಡು ಕುಂಡ್ರಿಸಿಕೊಂಡ್ನಿ ಅಕ್ಕಾರ. ಇದ್ದದ್ದು ಇದ್ದಂಗ ಹೇಳಿಸಿದ್ನಿ. ದಿನಾ ಮುಂಜಾನೆ ಎದ್ದು ನಿನ್ನ ಕಳ್ಳ ಅಂತ ಬೈದೀನಪಾ, ತಪ್ಪಾತು ಅಂತ. ಅವ ಕೇಳಿ ಎದ್ದ ನಿಂತ. ಹೊಡೀತಾನ ಅಂತ ನಾನೂ ಎದ್ದ ನಿಂತ್ನಿ.”

“ಹೊಡೆದ್ನಾ?”

“ಇಲ್ರಿ. ಅವನೂ ನನ್ನ ಬೈದಾನಂತ! ಆರು ವರ್ಷ! ದಿನಾ ಮುಂಜಾನೆ! ಒಂದು ದಿವಸಕ್ಕ ಅಂತ ಕೊಟ್ಟು, ಗೇಟು ಹಾಕ್ಕೊಂಡು ಓಡಿಹೋದ, ಈ ಹಟಮಾರಿ ಪ್ರಾಣಿ ನನ್ನ ಕೊಳ್ಳಿಗೆ ಕಟ್ಟಿದ ಅಂತ. ಅವನ ಹೆಂಡತಿ ಸೀರಿ ತಿಂದದಂತ, ಮನಿ ಕದ ಒದ್ದು ಮುರದದಂತ, ಅಳಿಯಾನ ಎರಡು ಸಲ ಕಚ್ಚೇದಂತ. ಅವರ ಭಾಷಾದಾಗ ಎಷ್ಟು ಬೈದ್ರೂ ತಿಳೀಂಗಿಲ್ಲ ಅದಕ್ಕ.”

ನಾನು ಬಾಯಿಗೆ ಸೆರಗು ತುಂಬಿಕೊಂಡರೂ ನಗು ತಡೆಯಲಾಗಲಿಲ್ಲ. ಮಗು ಎದ್ದು ಕಣ್ಣು ಬಿಟ್ಟಿತು.

“ಮತ್ತೆ ಈಗ ಹವಾಲ್ದಾರ್ರೇ?”

“ಈಗೇನ್ರಿ. ದಿನಾ ಮುಂಜಾನೆ ಇಬ್ಬರೂ ಕೂಡಿ ಅದನ್ನ ಬೈತೀವಿ.”